ಬಂದಾಯ್ತಮ್ಮ ಕೈ ಕಟ್ಟಿ ಕೂತದ್ದು

ಬಸ್ ಡಿಪೋದ ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದಷ್ಟು ಕಾಲವೂ ಆಕೆಯನ್ನು ಹೆಸರು ಹಿಡಿದು ಕೂಗಿದವರು ಯಾರೂ ಇಲ್ಲ. ಕೂಗುವ ಪ್ರಮೇಯವೇ ಬರುತ್ತಿರಲಿಲ್ಲ. ಡ್ರೈವರೋ ಕಂಡಕ್ಟರೋ ಬಾಗಿಲಲ್ಲಿ ಕಾಲಿಟ್ಟರೆ ಸಾಕು, ಅವರು ಟೋಪಿ ತೆಗೆಯುವ ರೀತಿ, ಬೆಂಚು ಎಳೆಯುವ ಸದ್ದು, ಇಷ್ಟರಲ್ಲೇ ಆಕೆಗೆ ಎಲ್ಲ ತಿಳಿಯುತ್ತಿತ್ತು. ಈತನಿಗೆ ಕಡಕ್ ಚಹಾ ಬೇಕು, ಆತನಿಗೆ ಮೊದಲು ನೀರು, ಇವಳಿಗೆ ಚಹಾಕ್ಕಿಂತ ಮೊದಲು ಕಾಲು ಚಾಚಲು ಒಂದು ಸ್ಟೂಲು. "ಅಮ್ಮಾ, ಒಂದು..." ಎಂದು ಬಾಯಿ ತೆರೆಯುವಷ್ಟರಲ್ಲಿ ಲೋಟ ಮುಂದೆ ಕೂತಿರುತ್ತಿತ್ತು. "ಬಂದಾಯ್ತು, ಬಂದಾಯ್ತು!" ಎನ್ನುತ್ತ ಆಕೆ ಆಗಲೇ ಮುಂದಿನ ಬೆಂಚಿನ ಹತ್ತಿರ. ಹಾಗಾಗಿ ಡಿಪೋದವರ ಬಾಯಲ್ಲಿ ಆಕೆ ಬಂದಾಯ್ತಮ್ಮ ಆದಳು. ಕೆಲಸ ಬಿಟ್ಟ ಮೇಲೂ ಆ ಹೆಸರು ಬಿಡಲಿಲ್ಲ, ಆ ಗುಣವೂ ಬಿಡಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಹಾಗೆ.

ಈಗ ಆಕೆಯ ಕ್ಯಾಂಟೀನಿಗೆ ಒಬ್ಬಳೇ ಗಿರಾಕಿ. ಮಗಳ ಮಗಳು. ಸಂತೋಷವಾದಾಗ ನಿಂತಲ್ಲೇ ಗಿರಗಿರ ತಿರುಗುತ್ತಿದ್ದುದರಿಂದ ಅವಳಿಗೆ ಬುಗುರಿ ಎಂದು ಅಜ್ಜಿಯೇ ಇಟ್ಟ ಹೆಸರು. ತಾನು ತಿರುಗದಿದ್ದಾಗ ಡಬ್ಬಿಯ ಮುಚ್ಚಳ ತಿರುಗಿಸುತ್ತಾಳೆ. ಸ್ಟೀಲಿನ ಮುಚ್ಚಳವನ್ನು ನೆಲದ ಮೇಲೆ ಒಂದು ಸಲ ಚಿಮ್ಮಿಸಿದಳೆಂದರೆ ಅದು ಝಣಝಣ ಅನ್ನುತ್ತ ಮಲಗುವ ತನಕ ಅವಳು ಉಸಿರಾಡುವುದೂ ಅನುಮಾನ. ಇನ್ನೇನು ಶಾಲೆಗೆ ಹಾಕುವ ವಯಸ್ಸು, ಆದರೆ ಮಾತಿಲ್ಲ. ಆಟಿಸಂ ಎಂದು ಡಾಕ್ಟರು ಹೇಳಿ ವರ್ಷದ ಮೇಲಾಗಿತ್ತು.

"ಮಾತಿಲ್ಲ ಅಂದ್ರೆ ಏನಾಯ್ತು? ನಂಗೆಲ್ಲ ಗೊತ್ತಾಗುತ್ತೆ" ಎನ್ನುವುದು ಅಜ್ಜಿಯ ಜಂಬ. ಸುಳ್ಳಲ್ಲ. ಬುಗುರಿ ಎಡಗೈಯಿಂದ ಬಲ ಮೊಣಕೈ ತಟ್ಟಿದರೆ ನೀರು. ಮೂಗಿನಲ್ಲಿ ಗುಂಯ್ ಎಂದರೆ ಮುಚ್ಚಳ. ಗೋಡೆಗೆ ಹಣೆ ಒತ್ತಿದರೆ ಬೆಳಕು ಜಾಸ್ತಿಯಾಯಿತು, ಕಿಟಕಿ ಮುಚ್ಚಬೇಕು. ತಟ್ಟುವ ಕೈ ಮೊಣಕೈ ಮುಟ್ಟುವ ಮೊದಲೇ ನೀರಿನ ಲೋಟ ಬಂದಾಯ್ತು.

ಇಷ್ಟು ಚೆನ್ನಾಗಿ ನಡೆಯುತ್ತಿದ್ದ ವ್ಯಾಪಾರಕ್ಕೆ ಅಡ್ಡ ಬಂದದ್ದು ಅಜ್ಜಿಯ ಮಂಡಿ. ಜೀವಮಾನವಿಡೀ ಸಿಮೆಂಟು ನೆಲದ ಮೇಲೆ ನಿಂತ ಮಂಡಿ ಒಂದು ದಿನ ಮೆಟ್ಟಿಲ ನಡುವೆ "ನನ್ನಿಂದಾಗದು" ಎಂದುಬಿಟ್ಟಿತು. ಅವರ ಮನೆಯೋ ಮೇಲಂತಸ್ತು. ಮಗಳು ಬಸ್ಸಿನಲ್ಲಿ ಕಂಡಕ್ಟರು, ಅಳಿಯ ಆಸ್ಪತ್ರೆಯ ಲಾಂಡ್ರಿಯಲ್ಲಿ. ಇಬ್ಬರಿಗೂ ಪಾಳಿ ಕೆಲಸ. ಮಂಡಿ ತೋರಿಸಿಕೊಂಡು ಬರಲು ಮಗಳ ಜೊತೆ ಹೊರಟ ಬೆಳಿಗ್ಗೆ, ಬುಗುರಿಯನ್ನು ಕೆಳಗಿನ ಮನೆಯ ನಿಧಾನಪ್ಪನ ವಶಕ್ಕೆ ಬಿಟ್ಟರು.

ನಿಧಾನಪ್ಪ ಅದೇ ಡಿಪೋದಲ್ಲಿ ಡ್ರೈವರಾಗಿದ್ದು ನಿವೃತ್ತನಾದವನು. ಬಸ್ಸು ಓಡಿಸುವುದರಲ್ಲಿ ನಿಧಾನವಲ್ಲ, ಮಾತಿನಲ್ಲಿ. ಅವನ ಮಾತು ಗೇರಿಗೆ ಬೀಳುವ ಹೊತ್ತಿಗೆ ಎದುರಿನವರು ಮುಂದಿನ ಸ್ಟಾಪು ದಾಟಿರುತ್ತಾರೆ. ಆದರೆ ಮನುಷ್ಯ ಅಪ್ಪಟ ಬೆಣ್ಣೆ.

ಆವತ್ತು ಅಜ್ಜಿ ವಾಪಸು ಬಂದು ನೋಡಿದರೆ ಬುಗುರಿ ಅತ್ತು ಅತ್ತು ಗಂಟಲು ಕಟ್ಟಿಕೊಂಡು ಮೂಲೆಯಲ್ಲಿ ಬಿದ್ದಿದ್ದಾಳೆ. ಸುತ್ತ ಬಿಸ್ಕತ್ತು, ಬಾಳೆಹಣ್ಣು, ಹಾಲು, ಮನೆಯಲ್ಲಿದ್ದ ಮುಚ್ಚಳಗಳೆಲ್ಲ. ನಿಧಾನಪ್ಪನೂ ಅಳುವುದೊಂದು ಬಾಕಿ.

"ಎಲ್ಲಾ ಕೊಟ್ಟೆ ಕಣಮ್ಮ... ಸುಮ್ನೆ ಮೊಣಕೈ... ಮೊಣಕೈ ಹೊಡ್ಕೋತಾಳೆ. ಗಾಯ ಆಗಿದ್ಯಾ ಅಂತ ಮುಲಾಮೂ ಹಚ್ಚಿದೆ."

"ನೀರು ಕಣ್ರೀ! ನೀರು!" ಎಂದಳು ಬಂದಾಯ್ತಮ್ಮ. ಕೊಟ್ಟ ನೀರನ್ನು ಮಗು ಗಟಗಟ ಕುಡಿದದ್ದು ನೋಡಿ ನಿಧಾನಪ್ಪ ಮುಖ ಆಚೆ ತಿರುಗಿಸಿದ.

ಮಂಡಿಗೆ ಆಪರೇಷನ್ನೇ ಆಗಬೇಕು, ಆಮೇಲೂ ಕೆಲವು ವಾರ ಮೆಟ್ಟಿಲು ಹತ್ತುವಂತಿಲ್ಲ ಎಂದಿದ್ದರು ಡಾಕ್ಟರು. ಅಷ್ಟು ದಿನ ಅಜ್ಜಿ ಮೆಟ್ಟಿಲಿಲ್ಲದ ತನ್ನ ಅಕ್ಕನ ಮನೆಯಲ್ಲಿರಬೇಕು. ಆ ರಾತ್ರಿ ಊಟಕ್ಕೆ ಕೂತಾಗ ಅಜ್ಜಿ ತೀರ್ಮಾನ ಹೇಳಿದಳು: "ಆಪರೇಷನ್ ಗೀಪರೇಷನ್ ಏನೂ ಬೇಡ. ಕುಂಟ್ಕೊಂಡೇ ಇರ್ತೀನಿ. ನಾನಿಲ್ದೆ ಇದ್ರೆ ಮಗು ಬಾಯಾರಿ ಸಾಯುತ್ತೆ."

"ಅಮ್ಮ, ನೀನು ನೂರು ವರ್ಷ ಇರ್ತೀಯ ಅಂತ ಬರ್ಕೊಟ್ಟಿದೀಯಾ?" ಎಂದಳು ಮಗಳು. ಮಾತು ಒರಟಾಯಿತೆಂದು ಅವಳಿಗೇ ಅನಿಸಿ ತಾಯಿಯ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದಳು. "ಅವಳು ಬೇರೆಯವ್ರ ಹತ್ರಾನೂ ಕೇಳೋದು ಕಲೀಬೇಕು. ಅಷ್ಟೇ ನಾನು ಹೇಳೋದು."

ಕಲಿಸುವ ಕೇಂದ್ರವಿದ್ದದ್ದು ಇಡೀ ದಿನದ ಪ್ರಯಾಣದಷ್ಟು ದೂರದ ಊರಿನಲ್ಲಿ. ಬಸ್ಸಿನ ಹಾರನ್ನು ಕೇಳಿದರೇ ಬುಗುರಿ ಕಿವಿ ಮುಚ್ಚಿಕೊಂಡು ಚೀರುತ್ತಾಳೆ. ಕಂಡಕ್ಟರ ಮಗಳು ಬಸ್ಸು ಹತ್ತಲ್ಲ, ಏನು ಹೇಳೋಣ! ಕೊನೆಗೆ ಆ ಕೇಂದ್ರದವರೇ ದಾರಿ ತೋರಿಸಿದರು: ನೀವು ಬರುವುದು ಬೇಡ, ನಾವೇ ಟ್ಯಾಬಿನಲ್ಲಿ ಬರುತ್ತೇವೆ.

ಹೀಗೆ ಅಡುಗೆಮನೆಯ ಮೇಜಿನ ಮೇಲೆ, ಹಿಟ್ಟಿನ ಡಬ್ಬಕ್ಕೆ ಒರಗಿಸಿದ ಟ್ಯಾಬಿನೊಳಗೆ, ಟೀಚರಮ್ಮ ಬಂದಳು. ಚಿಕ್ಕ ವಯಸ್ಸಿನವಳು, ದಪ್ಪ ಕನ್ನಡಕ. ಅವಳ ಹಿಂದೆ ಒಂದು ಬೆಕ್ಕು ಆಗಾಗ ಬಾಲ ಮಾತ್ರ ತೋರಿಸಿ ಹೋಗುತ್ತಿತ್ತು.

"ನಮಸ್ಕಾರ ಅಜ್ಜಿ. ನಂಗೆ ಬರೀ ಫ್ಯಾನ್ ಕಾಣ್ತಿದೆ. ಸ್ವಲ್ಪ ಕೆಳಗೆ ಬಗ್ಗಿಸ್ತೀರಾ?"

ಅಜ್ಜಿ ತಾನೇ ಬಗ್ಗಿದಳು. ಅಳಿಯ ನಗು ತಡೆದುಕೊಂಡು ಟ್ಯಾಬನ್ನು ಬಗ್ಗಿಸಿದ. ಮುಖ ಕಂಡದ್ದೇ ತಡ, ಬಂದಾಯ್ತಮ್ಮ ಆಕೆಯನ್ನು ಒಂದು ಕ್ಷಣ ದಿಟ್ಟಿಸಿ ಎದ್ದು ಹೋಗಿ, ಬಿಸಿ ಚಹಾದ ಲೋಟ ತಂದು ಟ್ಯಾಬಿನ ಮುಂದಿಟ್ಟಳು. ಟೀಚರಮ್ಮನ ಮುಖ ಆವಿಯಲ್ಲಿ ಮಸುಕಾಯಿತು.

"ಅತ್ತೆ, ಅವ್ರು ಅಲ್ಲಿಂದ ಹೇಗೆ ಕುಡೀತಾರೆ?"

"ಗೊತ್ತು ಕಣ್ರೀ. ಕೈ ಕೇಳ್ಬೇಕಲ್ಲ. ಹುಡುಗಿ ಮುಖದಲ್ಲಿ ಸುಸ್ತಿದೆ."

"ಇದೆ ಅಜ್ಜಿ" ಎಂದು ನಕ್ಕಳು ಟೀಚರಮ್ಮ. "ಬೆಳಿಗ್ಗೆಯಿಂದ ಕುಡಿದೇ ಇಲ್ಲ." ಮುಂದಿನ ಸಲದಿಂದ ಅವಳು ತನ್ನ ಲೋಟ ತಾನೇ ಹಿಡಿದು ಕೂರುತ್ತಿದ್ದಳು. ಈ ಕಡೆಯ ಲೋಟ ಅಳಿಯನ ಪಾಲಿಗೆ.

ಪಾಠ ಮಗುವಿನದಾದರೂ ಮಾಡಿಸಬೇಕಾದವರು ಮನೆಯವರು. ಟೀಚರಮ್ಮ ನೋಡುತ್ತಾಳೆ, ಹೇಳಿಕೊಡುತ್ತಾಳೆ. ಗಾಜಿನಿಂದ ಕೈ ಹೊರಗೆ ಬರುವುದಿಲ್ಲವಲ್ಲ. ಲೋಟದ ಚಿತ್ರವಿರುವ ಒಂದು ಕಾರ್ಡು. ಬುಗುರಿಗೆ ನೀರು ಬೇಕಾದಾಗ ಅವಳೇ ಆ ಕಾರ್ಡು ಎತ್ತಿ ಎದುರಿನವರ ಕೈಗೆ ಕೊಡಬೇಕು. ಕೊಟ್ಟ ತಕ್ಷಣ ನೀರು.

"ಮೊಣಕೈ ತಟ್ಟೋದು ತಪ್ಪು ಅಂತಲ್ಲ ಅಜ್ಜಿ, ಅದೂ ಅವಳ ಮಾತೇ. ಆದ್ರೆ ಆ ಭಾಷೆ ಬರೋದು ನಿಮಗೊಬ್ಬರಿಗೇ. ಎಲ್ಲರಿಗೂ ಬರೋ ಒಂದು ಮಾತು ಜೊತೆಗೆ ಕೊಡೋಣ."

ಆ ಮಾತು ಅಜ್ಜಿಗೆ ಹಿಡಿಸಿತು. ಆಪರೇಷನ್ನಿಗೆ ದಿನ ಗೊತ್ತಾಯಿತು, ಪಾಠ ಶುರುವಾಯಿತು. ನೋಡನೋಡುತ್ತ ಬುಗುರಿ ಕಾರ್ಡು ಕೊಡುವುದನ್ನು ಕಲಿತುಬಿಟ್ಟಳು! ಕಾರ್ಡು ಕೊಟ್ಟಳು, ನೀರು ಕುಡಿದಳು, ಗಿರ್ರನೆ ತಿರುಗಿದಳು. ಅಜ್ಜಿಯ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಕೆಳಗೆ ಸೊಪ್ಪು ಮಾರುವವಳಿಂದ ಹಿಡಿದು ಡಿಪೋದ ವಾಚ್‌ಮನ್‌ವರೆಗೆ ಎಲ್ಲರಿಗೂ ಸುದ್ದಿ ಮುಟ್ಟಿಸಿದಳು.

ಟೀಚರಮ್ಮ ಮಾತ್ರ ಕನ್ನಡಕ ಸರಿಮಾಡಿಕೊಂಡು ಏನೋ ಯೋಚಿಸುತ್ತಿದ್ದಳು. "ಅಜ್ಜಿ, ಟ್ಯಾಬನ್ನ ಎಡಕ್ಕೆ ತಿರುಗಿಸ್ತೀರಾ? ಪಾಪು ಆ ಕಡೇನೇ ನೋಡ್ತಿರ್ತಾಳೆ."

"ಅಲ್ಲೇನಿದೆ ಟೀಚರಮ್ಮ, ಬರೀ ನಾನು."

"ಅದೇ. ಇವತ್ತು ನೀವು ಸ್ವಲ್ಪ ಆಚೆ ಕೋಣೇಲಿರಿ. ಅವಳಪ್ಪ ಲೋಟ ಹಿಡ್ಕೊಂಡು ಕೂರ್ಲಿ."

ಅಜ್ಜಿ ಆಚೆ ಹೋಗಿ ಬಾಗಿಲ ಸಂದಿಯಲ್ಲಿ ಕಣ್ಣಿಟ್ಟಳು. ಅಳಿಯ ಲೋಟ ಹಿಡಿದು ಕೂತ. ಕಾರ್ಡು ಮಗುವಿನ ಮುಂದೆಯೇ ಇತ್ತು. ಬುಗುರಿ ಮೊಣಕೈ ತಟ್ಟಿದಳು. ಎಡಕ್ಕೆ ತಿರುಗಿ ಕೈ ಚಾಚಿ ಕಾದಳು. ಯಾರೂ ಏನೂ ಕೊಡಲಿಲ್ಲ. ಕಾರ್ಡಿನ ಕಡೆ ಅವಳು ಕಣ್ಣೆತ್ತಿಯೂ ನೋಡಲಿಲ್ಲ. ಮತ್ತೆ ತಟ್ಟಿದಳು. ತುಟಿ ನಡುಗಿತು.

"ನೀರು ಕೊಟ್ಟುಬಿಡಿ" ಎಂದಳು ಟೀಚರಮ್ಮ ಕೂಡಲೇ. "ಅಳಿಸೋದು ಬೇಡ. ಅಜ್ಜಿ, ಬನ್ನಿ. ಒಂದು ಮಾತು ಕೇಳ್ತೀನಿ, ಬೇಜಾರಾಗ್ಬೇಡಿ. ಕಾರ್ಡನ್ನ ಅವಳ ಕೈಗೆ ಯಾರು ಇಡ್ತಿದ್ರು?"

ಬಂದಾಯ್ತಮ್ಮ ತನ್ನ ಬಲಗೈಯನ್ನು ತಾನೇ ನೋಡಿಕೊಂಡಳು. ಆಣೆ ಮಾಡಿ ಹೇಳಿದರೂ ಆಕೆಗೆ ಗೊತ್ತಿರಲಿಲ್ಲ. ಮಗು ಮೊಣಕೈ ತಟ್ಟಿದೊಡನೆ ಆ ಕೈ ತನ್ನಷ್ಟಕ್ಕೆ ತಾನು ಕಾರ್ಡು ಎತ್ತಿ ಮಗುವಿನ ಬೆರಳಿಗೆ ತುರುಕುತ್ತಿತ್ತು, ಟ್ಯಾಬಿನ ಕಣ್ಣಿಗೆ ಬೀಳದ ಕಡೆಯಿಂದ. ಬುಗುರಿ ಅಜ್ಜಿ ಕೊಟ್ಟ ಕಾರ್ಡನ್ನು ಅಜ್ಜಿಗೇ ವಾಪಸು ಕೊಟ್ಟು ನೀರು ಕುಡಿಯುತ್ತಿದ್ದಳು. ನೀರಿಗೆ ಮುಂಚೆ ಅಜ್ಜಿಗೆ ಇದೊಂದು ಆಟ ಬೇಕು, ಆಗಲಿ ಪಾಪ ಎಂದುಕೊಂಡಿತ್ತೇನೋ ಮಗು!

"ಅಮ್ಮ" ಎಂದಳು ಮಗಳು, "ಥೆರಪಿ ಬೇಕಾಗಿರೋದು ಬುಗುರಿಗಲ್ಲ, ನಿನ್ನ ಕೈಗೆ."

ಎಲ್ಲರೂ ನಕ್ಕರು. ಅಜ್ಜಿಯೂ ನಕ್ಕಳು, ನಗುತ್ತಲೇ ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದಳು. ಆಪರೇಷನ್ನಿನ ದಿನ ಹತ್ತಿರವಾಗುತ್ತಿತ್ತು, ಕಲಿತದ್ದೆಲ್ಲ ನೀರಿನಲ್ಲಿ ಹೋಮ.

ಸಂಜೆ ನಿಧಾನಪ್ಪ ಮಂಡಿಯ ಸಮಾಚಾರ ಕೇಳಲು ಮೇಲೆ ಬಂದ. ಕೂರುವ ಮೊದಲೇ ಚಹಾ ಬಂದಾಯ್ತು.

"ಬಂದಾಯ್ತಮ್ಮ, ನಂಗೆ..."

"ಸಕ್ಕರೆ ತಾನೆ? ಹಾಕಿದೀನಿ, ನಿಮ್ಮ ಲೆಕ್ಕ ನಂಗೊತ್ತಿಲ್ವಾ! ತಳದಲ್ಲಿದೆ, ಕಲಕ್ಕೊಳ್ಳಿ."

ನಿಧಾನಪ್ಪ ಲೋಟ ನೋಡಿದ. ಆಕೆಯನ್ನು ನೋಡಿದ. ಅವನ ಭುಜ ಕುಲುಕತೊಡಗಿತು. ನಗುತ್ತಿದ್ದ ಮನುಷ್ಯ.

"ಡಿಪೋಗೆ ಸೇರಿದ ದಿನದಿಂದ... ಹೇಳೋಣ ಅಂತಾನೇ ಇದೀನಿ. ನಂಗೆ ಸಕ್ಕರೆ... ಸೇರಲ್ಲ."

"ಆಂ?"

"ಬಾಯಿ ತೆಗೆಯೋ ಹೊತ್ತಿಗೆ... ಬಂದಾಯ್ತಲ್ಲಮ್ಮ."

"ಅಯ್ಯೋ ನಿಮ್ಮ! ಇಷ್ಟು ವರ್ಷ ಪಾಕ ಕುಡಿದ್ರೇನ್ರೀ? ಬೇಡ ಅಂತ ತಲೆ ಅಲ್ಲಾಡಿಸೋಕೂ ಆಗ್ಲಿಲ್ವಾ?"

"ಅಲ್ಲಾಡಿಸ್ತಿದ್ದೆ. ನೀವು... ಇನ್ನೊಂದು ಚಮಚ ಹಾಕ್ತಿದ್ರಿ."

ಬಂದಾಯ್ತಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆಮೇಲೆ ಅವನ ಲೋಟ ತೆಗೆದುಕೊಂಡು ಹೋಗಿ ತೊಳೆದು, ಬೇರೆ ಚಹಾ ಸೋಸಿ, ಸಕ್ಕರೆ ಡಬ್ಬಿ ಮುಟ್ಟದೆ ತಂದು ಮುಂದೆ ಇಡದೆ ಕೈಯಲ್ಲೇ ಹಿಡಿದು ನಿಂತಳು. "ಈಗ ನೀವೇ ಹೇಳಿ. ಏನು ಬೇಕು? ಮೊಮ್ಮಗಳಿಗಿಂತ ಮೊದಲು ನಿಮ್ಮ ಮೇಲೇ ಅಭ್ಯಾಸ ಮಾಡ್ತೀನಿ." ನಿಧಾನಪ್ಪನ ಮಾತು ಗೇರಿಗೆ ಬೀಳುವವರೆಗೆ ಆಕೆ ಕಾದಳು. ಲೋಟ ಬಿಸಿಯಾಗಿ ಬೆರಳು ಸುಡುತ್ತಿತ್ತು, ಕಾದಳು. ಬಾಗಿಲಲ್ಲಿ ನಿಂತಿದ್ದ ಮಗಳಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ.

ಮರುದಿನ ಟೀಚರಮ್ಮ ಕಾಣಿಸಿಕೊಂಡ ಕೂಡಲೇ ಅಜ್ಜಿ ತಾನೇ ಹೇಳಿದಳು: "ಇವತ್ತಿಂದ ಲೋಟ ಹಿಡಿಯೋದು ನಿಧಾನಪ್ಪ. ಅವರಿಗೆ ಕಾಯೋದು ಗೊತ್ತು. ನನ್ನ ಕೈ ಎಲ್ಲಿಡ್ಲಿ ಹೇಳಿ."

ಕಿಟಕಿಯ ಹತ್ತಿರದ ಬೆಂಚಿನಲ್ಲಿ, ಟ್ಯಾಬಿಗೆ ಕಾಣುವ ಹಾಗೆ, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು ಬಂದಾಯ್ತಮ್ಮ. ಎದುರಿಗೆ ನಿಧಾನಪ್ಪ ಲೋಟ ಹಿಡಿದು. ಬುಗುರಿಯ ಬೆನ್ನ ಹಿಂದೆ ಅವಳಪ್ಪ. ಮಾತಾಡುವಂತಿಲ್ಲ, ಮಗುವಿನ ಕೈಯನ್ನು ಹಿಂದಿನಿಂದ ಮೆಲ್ಲಗೆ ಕಾರ್ಡಿನ ಕಡೆಗೆ ನಡೆಸಬೇಕು, ದಿನದಿಂದ ದಿನಕ್ಕೆ ಆ ಸಹಾಯ ಕಡಿಮೆ ಮಾಡುತ್ತ ಬರಬೇಕು. ಬುಗುರಿ ಮೊಣಕೈ ತಟ್ಟಿ ಅಜ್ಜಿಯ ಕಡೆ ತಿರುಗಿದಳು. ಅಜ್ಜಿ ಸೂರು ನೋಡಿದಳು. ತೊಡೆಯ ಕೆಳಗೆ ಬೆರಳುಗಳು ಸಿಕ್ಕಿಬಿದ್ದ ಇಲಿಗಳ ಹಾಗೆ ಒದ್ದಾಡುತ್ತಿದ್ದವು.

"ಭೇಷ್! ತುಂಬ ಚೆನ್ನಾಗಿ ಕೂತಿದೀರಿ!" ಎಂದಳು ಟೀಚರಮ್ಮ.

"ನಂಗಾ ಹೇಳಿದ್ದು?"

"ನಿಮಗೇ ಅಜ್ಜಿ. ಇವತ್ತಿನ ಪಾಠ ನಿಮ್ಮದು."

ಶಾಲೆಯಲ್ಲಿ ಯಾರೂ ಆಕೆಗೆ ಭೇಷ್ ಎಂದಿರಲಿಲ್ಲ. ಅಲ್ಲಿ ಇದ್ದದ್ದೇ ಸ್ವಲ್ಪ ಕಾಲ. ಆಕೆ ಇನ್ನಷ್ಟು ನೆಟ್ಟಗೆ ಕೂತಳು. ಆವತ್ತಿನಿಂದ ಪಾಠ ಮುಗಿದ ಮೇಲೆ "ನನ್ನದು ಹೇಗಿತ್ತು ಟೀಚರಮ್ಮ?" ಎಂದು ಕೇಳದೆ ಬಿಡುತ್ತಿರಲಿಲ್ಲ. ಒಂದೊಂದು ದಿನ ಕೈ ಹೊರಗೆ ಬಂದುಬಿಡುತ್ತಿತ್ತು. ಆಗ ಅಳಿಯ "ಅತ್ತೇ, ಔಟ್!" ಎಂದು ಕೂಗುತ್ತಿದ್ದ. ಬುಗುರಿಗೆ ಆ ಕೂಗು ಇಷ್ಟವಾಗಿ ಅಜ್ಜಿ ಯಾವಾಗ ಔಟ್ ಆಗುತ್ತಾಳೋ ಎಂದು ಕಾಯುವಂತೆ ಕಾಣುತ್ತಿತ್ತು.

ಇಷ್ಟಾದರೂ, ಆಸ್ಪತ್ರೆಗೆ ಹೊರಡುವ ಮುನ್ನಾ ದಿನದವರೆಗೂ ಬುಗುರಿ ಪೂರ್ತಿ ತಾನಾಗಿ ಕಾರ್ಡು ಎತ್ತಲಿಲ್ಲ. ಹಿಂದಿನಿಂದ ಅಪ್ಪನ ಬೆರಳ ತುದಿ ಸೋಕಬೇಕಿತ್ತು. ಸೋಕಿದರೆ ಎತ್ತಿ ಕೊಡುತ್ತಾಳೆ. ಸೋಕದಿದ್ದರೆ ಅಜ್ಜಿಯ ಕಡೆಗೇ ಕಣ್ಣು.

"ಇನ್ನೊಂದು ತಿಂಗಳು ಮುಂದಕ್ಕೆ ಹಾಕ್ಲಾ ಟೀಚರಮ್ಮ?"

ಟೀಚರಮ್ಮ ತನ್ನ ಲೋಟ ಕೆಳಗಿಟ್ಟಳು. ಹಿಂದೆ ಬೆಕ್ಕಿನ ಬಾಲ ಬಂದು ಹೋಯಿತು. "ಖಂಡಿತ ಕೇಳ್ತಾಳೆ ಅಂತ ನಾನು ಮಾತು ಕೊಡಲಾರೆ ಅಜ್ಜಿ. ಆದ್ರೆ ನೀವು ಕಣ್ಮುಂದೆ ಇರೋವರೆಗೂ ಬೇರೆಯವರನ್ನ ಯಾಕೆ ಕೇಳ್ತಾಳೆ ಹೇಳಿ? ನಾನಾಗಿದ್ರೂ ಕೇಳ್ತಿರಲಿಲ್ಲ. ಹೋಗಿಬನ್ನಿ. ನೀರು ಯಾವಾಗ್ಲೂ ಎದುರಲ್ಲೇ ಇರುತ್ತೆ, ಬಾಯಾರಿಸಲ್ಲ. ಈಗ ಅಪ್ಪ ಇದ್ದಾರೆ, ನಿಧಾನಪ್ಪನೋರಿದ್ದಾರೆ, ಇಬ್ಬರಿಗೂ ಮೊಣಕೈ ಭಾಷೆ ಗೊತ್ತು."

"ಗೊತ್ತು" ಎಂದ ನಿಧಾನಪ್ಪ. ಆ ಪದ ಅಷ್ಟು ಬೇಗ ಬಂದದ್ದಕ್ಕೆ ಎಲ್ಲರೂ ಅವನ ಕಡೆ ತಿರುಗಿದರು.

ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಬಂದಾಯ್ತಮ್ಮ ಒಂದೇ ಒಂದು ಸಲ ಹಿಂತಿರುಗಿದಳು. ಬುಗುರಿ ಮುಚ್ಚಳ ತಿರುಗಿಸುತ್ತ ಕೂತಿದ್ದಳು. ಝಣಝಣ ಸದ್ದು ಬೀದಿಯವರೆಗೂ ಕೇಳುತ್ತಿತ್ತು.

ಆಪರೇಷನ್ನು ಚೆನ್ನಾಗಿಯೇ ಆಯಿತು. ನೋವಿಗಿಂತ ಹೆಚ್ಚಾಗಿ ಆಕೆಯನ್ನು ಕಾಡಿದ್ದು ವಾರ್ಡಿನಲ್ಲಿ ಮಲಗಿದ ಕಡೆಗೇ ಎಲ್ಲ ಬರುತ್ತಿದ್ದದ್ದು. ಈಕೆ ಕೇಳುವ ಮೊದಲೇ ನರ್ಸಿನ ಕೈಯಲ್ಲಿ ತಲೆದಿಂಬು, ಕೇಳುವ ಮೊದಲೇ ಮಾತ್ರೆ. "ಸ್ವಲ್ಪ ಕೇಳೋಕೆ ಬಿಡ್ರಮ್ಮ!" ಎಂದು ಒಂದು ಸಲ ರೇಗಿಯೇಬಿಟ್ಟಳು. ಪಕ್ಕದಲ್ಲಿದ್ದ ಮಗಳು ನಕ್ಕು ನಕ್ಕು ಹೊರಗೆ ಹೋಗಬೇಕಾಯಿತು.

ಪಾಠದ ಹೊತ್ತಿಗೆ ಮಗಳು ಫೋನು ಹಚ್ಚಿ ತಾಯಿಯ ಎದುರು ಹಿಡಿದಳು. ಗಾಜಿನಲ್ಲಿ ಮೂರು ಕಿಟಕಿ. ಒಂದರಲ್ಲಿ ಟೀಚರಮ್ಮ, ಒಂದರಲ್ಲಿ ಅಡುಗೆಮನೆ, ಒಂದರಲ್ಲಿ ಕೂದಲು ಕೆದರಿದ ಯಾವಳೋ ಮುದುಕಿ. ಅದು ತಾನೇ ಎಂದು ತಿಳಿಯಲು ಬಂದಾಯ್ತಮ್ಮನಿಗೆ ಒಂದು ಗಳಿಗೆ ಬೇಕಾಯಿತು.

ಅಡುಗೆಮನೆಯಲ್ಲಿ ನಿಧಾನಪ್ಪ ಲೋಟ ಹಿಡಿದು ಕೂತಿದ್ದ. ಅಳಿಯ ಮಗುವಿನ ಹಿಂದೆ, ಕೈಗಳನ್ನು ತನ್ನ ಮಡಿಲಲ್ಲೇ ಇಟ್ಟುಕೊಂಡು. ಬುಗುರಿ ಮೊಣಕೈ ತಟ್ಟಿದಳು. ಎಡಕ್ಕೆ ತಿರುಗಿದಳು. ಕಿಟಕಿಯ ಹತ್ತಿರ ಬೆಂಚು ಖಾಲಿ.

ಇಲ್ಲಿ ಹಾಸಿಗೆಯಲ್ಲಿ ಬಂದಾಯ್ತಮ್ಮನ ಬಲಗೈ ಎದ್ದು ಹೋಗಿ ಫೋನಿನ ಗಾಜಿಗೆ ಟಕ್ ಎಂದು ಬಡಿಯಿತು.

"ಅಮ್ಮ, ಔಟ್" ಎಂದು ಪಿಸುಗುಟ್ಟಿದಳು ಮಗಳು.

ಬುಗುರಿ ಮತ್ತೆ ತಟ್ಟಿದಳು. ಖಾಲಿ ಬೆಂಚನ್ನು ನೋಡಿದಳು. ನಿಧಾನಪ್ಪನ ಕೈಯಲ್ಲಿದ್ದ ಲೋಟ ನೋಡಿದಳು. ನಿಧಾನಪ್ಪ ಕಾಯುತ್ತಿದ್ದ. ಅವನಿಗೆ ಅವಸರವೇ ಇರಲಿಲ್ಲ, ಜನ್ಮದಲ್ಲಿ ಇರಲಿಲ್ಲ. ಮಗು ಮೇಜನ್ನೊಮ್ಮೆ ಕಣ್ಣಿನಿಂದ ಸವರಿತು. ಆಮೇಲೆ, ಬಹಳ ದಿನದಿಂದ ಮಾಡಿಕೊಂಡು ಬಂದವಳ ಹಾಗೆ, ಕಾರ್ಡು ಎತ್ತಿ ನಿಧಾನಪ್ಪನ ಅಂಗೈಯಲ್ಲಿಟ್ಟಳು.

"ನೀರು! ಬಂದಾಯ್ತು!" ಎಂದ ನಿಧಾನಪ್ಪ. ಒಂದೇ ಉಸಿರಿಗೆ.

ಬುಗುರಿ ಕುಡಿದಳು. ಬಾಯಿಂದ ಕುತ್ತಿಗೆಗೆ ಇಳಿದ ನೀರನ್ನು ಯಾರೂ ಒರೆಸಲಿಲ್ಲ, ಅವಳಪ್ಪ ತನ್ನ ಕಣ್ಣು ಒರೆಸಿಕೊಳ್ಳುವುದರಲ್ಲಿದ್ದ. ಟೀಚರಮ್ಮ ಕನ್ನಡಕ ತೆಗೆದಿದ್ದಳು. ಇಲ್ಲಿ ಬಂದಾಯ್ತಮ್ಮ ಮಗಳ ಕೈ ಹಿಡಿದುಕೊಂಡು "ಕೇಳಿದ್ಲು ಕಣೇ, ಕೇಳಿದ್ಲು" ಎನ್ನುತ್ತಿದ್ದಳು, ವಾರ್ಡಿನವರೆಲ್ಲ ಕತ್ತೆತ್ತಿ ನೋಡುವಂತೆ.

ಪಾಠ ಅಲ್ಲಿಗೆ ಮುಗಿಯಿತೆಂದು ಎಲ್ಲರೂ ಅಂದುಕೊಂಡಾಗ ಬುಗುರಿ ಖಾಲಿ ಲೋಟ ಕೆಳಗಿಟ್ಟು ಟ್ಯಾಬಿನ ಹತ್ತಿರ ಬಂದಳು. ಕೆದರಿದ ಕೂದಲಿನ ಮುದುಕಿಯನ್ನು ಮೂಗು ತಾಗುವಷ್ಟು ಹತ್ತಿರದಿಂದ ನೋಡಿದಳು. ಹಿಂದಕ್ಕೆ ಹೋಗಿ, ಅಪ್ಪ ಹೊಸದಾಗಿ ಮಾಡಿಟ್ಟಿದ್ದ ಇನ್ನೊಂದು ಕಾರ್ಡು ತಂದು ಗಾಜಿಗೆ ಒತ್ತಿ ಹಿಡಿದಳು. ಮುಚ್ಚಳದ ಚಿತ್ರ.

"ನನ್ನ ಕೇಳ್ತಿದಾಳೆ!" ಎಂದಳು ಅಜ್ಜಿ. "ನನ್ನ ಕೇಳ್ತಿದಾಳೆ ಕಣೇ! ತಾರೇ, ಏನಾದ್ರೂ ತಾ!"

ಮಗಳು ಗಾಬರಿಯಿಂದ ಸುತ್ತ ನೋಡಿದಳು. ಪಕ್ಕದ ಮಂಚದಾಕೆ ತನ್ನ ಊಟದ ಡಬ್ಬಿಯ ಸ್ಟೀಲು ಮುಚ್ಚಳವನ್ನು ತಾನೇ ಮುಂದೆ ಚಾಚಿದಳು. ಬಂದಾಯ್ತಮ್ಮ ಅದನ್ನು ಮಾತ್ರೆಯ ಟ್ರೇ ಮೇಲೆ ನಿಲ್ಲಿಸಿ, ಮೊಮ್ಮಗಳಿಂದಲೇ ಕಲಿತ ಹಾಗೆ ಎರಡು ಬೆರಳಲ್ಲಿ ಚಿಮ್ಮಿಸಿದಳು.

"ಬಂದಾಯ್ತು!"

ಮುಚ್ಚಳ ಝಣಝಣ ಎಂದು ತಿರುಗಿತು. "ಏನ್ರೀ ಇದು, ಆಸ್ಪತ್ರೆನಾ ಆಟದ ಮೈದಾನಾನಾ?" ಎನ್ನುತ್ತ ನರ್ಸು ಓಡಿಬಂದಳು, ಬಂದವಳು ತಾನೂ ನೋಡುತ್ತ ನಿಂತಳು. ಗಾಜಿನ ಆಚೆ, ಮೇಲಂತಸ್ತಿನ ಅಡುಗೆಮನೆಯಲ್ಲಿ, ಬುಗುರಿ ಎರಡೂ ಕೈ ಚಾಚಿ ಗಿರಗಿರ ತಿರುಗುತ್ತಿದ್ದಳು.